ಕಡಲೊಳಗಿನ ಹೊಳೆ ಅಳೆಯುವವಳ ಫಜೀತಿಗಳು

ನಗಬಾರದ ಹೊತ್ತಿನಲ್ಲೇ ನಗು ಬರುವಂಥ ನೌಕರಿ ನನ್ನದು. ಅಳು ಬಂದ ಕಡೆ ಅಳೋಣ ಅಂತ ಸೆರಗು ಹಿಡಿದು ಕೂತಿರುತ್ತೇನೆ, ಅಷ್ಟರಲ್ಲಿ ಯಾರೋ ಒಬ್ಬರು ಬಾಯಿ ತೆಗೆದು ಒಂದು ಮಾತು ಅಂದುಬಿಡುತ್ತಾರೆ. ವರ್ಷಗಳೇ ಆದವು, ಇದು ಇನ್ನೂ ನಿಂತಿಲ್ಲ.

ನಾನು ಇಂಡಿ ಊರಿನವಳು. ಸಮುದ್ರ ಅಂದರೆ ನಿಂತ ನೀರು ಅಂತ ನಮ್ಮ ಕಡೆ ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಸಮುದ್ರದೊಳಗೂ ಹೊಳೆಗಳಿವೆ, ದಂಡೆ ಇಲ್ಲದ ಹೊಳೆಗಳು. ಶ್ರೀಲಂಕಾದ ಕೆಳಗೆ ಹಾಯ್ದು ಹೋಗುವ ಅಂಥದೊಂದು ದೊಡ್ಡ ಪ್ರವಾಹ ಎಷ್ಟು ಜೋರು ಹರಿಯುತ್ತದೆ, ಯಾವ ವರ್ಷ ಎಷ್ಟು ಬದಲಾಗುತ್ತದೆ ಅಂತ ಅಳೆಯುವ ತಂಡದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದು. ಆ ಪ್ರವಾಹ ಮನಸ್ಸು ಬದಲಿಸಿದರೆ ಮಳೆಯೂ ಮನಸ್ಸು ಬದಲಿಸಬಹುದು ಅಂತ ತಿಳಿದವರು ಹೇಳುತ್ತಾರೆ. ಅದಕ್ಕೇ ಇಷ್ಟೆಲ್ಲ ಖಟಿಪಿಟಿ.

ಮೊದಲ ಬೀಳ್ಕೊಡುಗೆ

ಮೊದಲ ಸಲ ಹಡಗು ಹತ್ತಲು ನಾನು ಇಂಡಿಯಿಂದ ಹೊರಟ ದಿನ ಇಡೀ ಓಣಿ ನಮ್ಮ ಮನೆಯ ಮುಂದೆ ಬಂದು ನಿಂತಿತ್ತು. ಹುಡುಗಿ ಒಬ್ಬಳೇ ಸಮುದ್ರಕ್ಕೆ ಹೋಗುತ್ತಾಳೆ ಅನ್ನುವುದೇ ದೊಡ್ಡ ಸುದ್ದಿ. ಅವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ನನ್ನ ಉಡಿ ತುಂಬಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಗ ಯಂಕಂಚಿಯಿಂದ ಬಂದಿದ್ದ ನಮ್ಮ ಅತ್ತೆ, ಅಪ್ಪನ ಅಕ್ಕ, ಶುರು ಮಾಡಿದಳು. ಅವಳ ಓರಗೆಯ ಗೆಳತಿಯೊಬ್ಬಳು ಸಣ್ಣವಳಿದ್ದಾಗ ಭೀಮಾ ಹೊಳೆಯ ಮಹಾಪೂರದಲ್ಲಿ ಹೋಗಿದ್ದಳು. ಹೆಣವೂ ಸಿಕ್ಕಿರಲಿಲ್ಲ. ನೀರು ಅಂದರೆ ಸಾಕು, ಅತ್ತೆಗೆ ಆ ಗೆಳತಿಯೇ ಕಣ್ಣ ಮುಂದೆ ಬರುತ್ತಿದ್ದಳು. ನನ್ನ ಗದ್ದ ಹಿಡಿದು ಎದೆ ಬಡಿದುಕೊಂಡಳು.

"ಬಂಗಾರದಂಥಾ ಕೂಸಿನ್ನ ನೀರಿನ ಪಾಲು ಮಾಡಾಕತ್ತೀರಲ್ಲೋ! ಇನ್ನ ಈ ಮಾರಿ ಎಲ್ಲಿ ನೋಡಲೋ ಎಪ್ಪಾ!"

ಒಬ್ಬಳು ಅತ್ತರೆ ನಮ್ಮ ಓಣಿಯಲ್ಲಿ ಉಳಿದವರು ಸುಮ್ಮನೆ ನಿಲ್ಲುವ ಪದ್ಧತಿ ಇಲ್ಲ. ಎದುರು ಮನೆಯ ಮುದುಕಿ ರಾಗ ತೆಗೆದಳು. ಆಜೂಬಾಜಿನವರು ದನಿ ಕೂಡಿಸಿದರು. ನನ್ನ ಗುಣಗಾನ ಶುರುವಾಯಿತು: ಹೀಗೆ ನಡೆಯುತ್ತಿದ್ದಳು, ಹಾಗೆ ನಗುತ್ತಿದ್ದಳು, ಎಲ್ಲ 'ಇದ್ದಳು', 'ಇದ್ದಳು'. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ನಡುವೆ ನಿಂತಿದ್ದೆ. ನನಗೂ ನನ್ನ ಬಗ್ಗೆ ಬಹಳ ಕೆಡುಕೆನಿಸಿತು. ಇಷ್ಟು ಒಳ್ಳೆಯ ಹುಡುಗಿ, ಹೀಗಾಗಬಾರದಿತ್ತು ಅಂತ.

ಅಪ್ಪ ಆಟೋ ತರಲು ರಸ್ತೆಯ ಬದಿಗೆ ಹೋಗಿ ನಿಂತಿದ್ದ. ಚಡಚಣದ ಕಡೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ದೊಡ್ಡ ಮನುಷ್ಯ ಈ ಆಕ್ರಂದನ ಕೇಳಿ ಗಾಡಿ ನಿಲ್ಲಿಸಿದ. ಇಳಿದ, ತಲೆಯ ಟೊಪ್ಪಿಗೆ ತೆಗೆದ, ಅಪ್ಪನಿಗೆ ಕೈ ಮುಗಿದ.

"ಯಾರ್ರಿ ಹೋದವರು?"

ಅಪ್ಪನಿಗೆ ಗಡಿಬಿಡಿ. ಆಟೋದ ಕಡೆ ಕಣ್ಣಿಟ್ಟು, "ನನ್ನ ಮಗಳ್ರಿ" ಅಂದ.

"ಎಷ್ಟ ವಯಸ್ಸಾಗಿತ್ರಿ?"

"ಇಪ್ಪತ್ತಾರ್ರಿ."

"ಛೆ ಛೆ ಛೆ! ತೀರಾ ಸಣ್ಣ ವಯಸ್ಸು. ಏನಾಗಿತ್ರಿ?"

ಅಪ್ಪ ನಿಟ್ಟುಸಿರು ಬಿಟ್ಟು ಅಂದ: "ನೌಕರಿ ಸಿಕ್ಕಿತ್ರಿ."

ಕರೆಂಟ್ ಅಳೆಯುವ ಕನ್ಯೆ

ಎರಡನೆಯ ವರ್ಷ ನನಗೆ ವರ ನೋಡಲು ಶುರು ಮಾಡಿದರು. ಹಡಗಿನಲ್ಲಿ ನಾವು ಸಮುದ್ರದ ಪ್ರವಾಹಕ್ಕೆ ಇಂಗ್ಲಿಷಿನಲ್ಲಿ ಕರೆಂಟ್ ಅಂತಲೇ ಅನ್ನುವುದು. ಮನೆಯಲ್ಲೂ ಅದೇ ರೂಢಿಯಾಗಿತ್ತು. ನನ್ನ ಅಣ್ಣ ಮಧ್ಯಸ್ಥನಿಗೆ, "ನನ್ನ ತಂಗೀದು ಸಮುದ್ರದ ಕರೆಂಟ್ ಅಳಿಯೋ ನೌಕರಿ" ಅಂತ ಸರಿಯಾಗಿಯೇ ಹೇಳಿದ್ದ. ಮಧ್ಯಸ್ಥ ಅನುಭವಸ್ಥ. ಸಮುದ್ರ ಅಂದರೆ ಗಂಡಿನ ಕಡೆಯವರು ಹೆದರುತ್ತಾರೆ ಅಂತ ಆ ಒಂದು ಶಬ್ದ ಬಿಟ್ಟು ಉಳಿದದ್ದನ್ನು ಮನಗೂಳಿಗೆ ಮುಟ್ಟಿಸಿದ. ಹುಡುಗಿಯದು ಕರೆಂಟ್ ಅಳೆಯುವ ಸರ್ಕಾರಿ ನೌಕರಿ!

ಮನಗೂಳಿಯಿಂದ ಹುಡುಗ, ಅವನ ಅಪ್ಪ, ಅವ್ವ ಬಂದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ಅಪ್ಪ ಗಂಟಲು ಸರಿ ಮಾಡಿಕೊಂಡು ನನ್ನನ್ನು ಕೇಳಿದರು: "ನಮ್ಮ ಮನಿ ಮೀಟರ್ ಒಮ್ಮೆ ಜೋರ್ ಓಡ್ತೈತಿ, ಒಮ್ಮೆ ನಿಂತ ಬಿಡ್ತೈತಿ. ಯಾಕಿರಬಹುದವಾ?"

ನಮ್ಮಲ್ಲೂ ಮೀಟರ್ ಇರುತ್ತವೆ. ನೀರಿಗೆ ಇಳಿಬಿಟ್ಟರೆ ಹರಿವಿಗೆ ಪಂಖಾ ತಿರುಗಿ ವೇಗ ತೋರಿಸುವಂಥವು. ನನ್ನ ಕೆಲಸದ ಬಗ್ಗೆ ಇಷ್ಟು ಓದಿಕೊಂಡು ಬಂದಿದ್ದಾರಲ್ಲ ಅಂತ ನನಗೆ ಹಿಗ್ಗಾಯಿತು.

"ಒಳಗ ಕಸ ಸಿಕ್ಕಿರ್ತೈತ್ರಿ. ಬಿಚ್ಚಿ ತೊಳೀಬೇಕು."

"ಮೀಟರ್ ತೊಳೀಬೇಕಾ?"

"ಹೌದ್ರಿ. ಸಿಹಿನೀರಿನ ಬುಟ್ಟ್ಯಾಗ ಮುಳುಗಿಸಿ ಇಟ್ರ ಇನ್ನೂ ಚಲೋ."

ಅವರು ಹೆಂಡತಿಯ ಮುಖ ನೋಡಿದರು. ಆ ತಾಯಿ ನನ್ನ ಹತ್ತಿರ ಸರಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿದ್ದವು.

"ಬ್ಯಾಡ ನನ್ನ ಮಗಳ, ಕಂಬ ಹತ್ತಬ್ಯಾಡ" ಅಂದರು. "ನನ್ನ ಹಿರೀ ಮಗ ಲೈನ್‌ಮನ್ ಇದ್ದ. ಕಂಬದ ಮ್ಯಾಲ ಜೀವ ಬಿಟ್ಟ. ಲೈನ್ ಬಂದ್ ಐತಿ ಅಂತ ಹೇಳಿದ್ರಂತ, ಹತ್ತಿದ. ಬಂದ್ ಇದ್ದಿದ್ದಿಲ್ಲ."

ಅವ್ವ ಬಾಗಿಲಲ್ಲೇ ಕೂತುಬಿಟ್ಟಳು. ಅಣ್ಣ ಮಧ್ಯಸ್ಥನನ್ನು ನೋಡಿದ, ಮಧ್ಯಸ್ಥ ಮೇಲೆ ಜಂತಿ ನೋಡಿದ. ಕೊನೆಗೆ ಅಪ್ಪ ಮೆಲ್ಲಗೆ ಮಾತು ತೆಗೆದ.

"ಹಂಗಲ್ರೀ ಅಕ್ಕಾರ. ಈಕಿ ಅಳಿಯೂದು ಆ ಕರೆಂಟ್ ಅಲ್ಲ. ಕಂಬ ಇಲ್ಲ, ತಂತಿ ಇಲ್ಲ. ಸಮುದ್ರದ ನೀರು. ಬರೇ ನೀರು."

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ವಿಚಾರ ಮಾಡಿದರು. ಮತ್ತೆ ಗಾಬರಿಯಾದರು.

"ನೀರಾ? ನೀರಾಗ ಶಾಕ್ ಇನ್ನೂ ಜೋರ್ ಹೊಡೀತೈತಲ್ರಿ!"

ಎಲ್ಲರೂ ನಕ್ಕೆವು. ನಕ್ಕು ಮುಗಿಯುವುದರೊಳಗೆ ಅವರೂ ನಕ್ಕರು. ನಾನು ಆ ಮನೆಗೇ ಸೊಸೆಯಾಗಿ ಹೋದೆ.

ಮದುವೆಯಾದ ಮೇಲೆ ಮೊದಲ ಸಲ ಹಡಗಿಗೆ ಹೊರಟಾಗ ಆ ತಾಯಿ, ಈಗ ನನ್ನ ಅತ್ತೆಯವರು, ಟ್ರಂಕಿನಿಂದ ಒಂದು ಜೋಡಿ ಕೈಗವಸು ತೆಗೆದುಕೊಟ್ಟರು. ಮೊಳಕೈವರೆಗೆ ಬರುವ ದಪ್ಪ ರಬ್ಬರಿನವು, ಲೈನ್‌ಮನ್‌ಗಳು ಹಾಕಿಕೊಳ್ಳುವಂಥವು. ಅವರ ಮಗ ಆ ದಿನ ಅವಸರದಲ್ಲಿ ಮನೆಯಲ್ಲೇ ಬಿಟ್ಟು ಹೋಗಿದ್ದಂಥವು. "ಇವು ಯಾರ ಕೈಗೂ ಬರಲಿಲ್ಲ. ನೀನರ ಹಾಕ್ಕೋ" ಅಂದರು. ಒಲ್ಲೆ ಅನ್ನುವುದು ಹೇಗೆ?

ಹಡಗಿನ ಡೆಕ್ ಮೇಲೆ ನಾನು ಅವನ್ನು ಹಾಕಿಕೊಂಡು ಹಗ್ಗ ಹಿಡಿದು ನಿಂತಿದ್ದನ್ನು ನಮ್ಮ ಹಿರಿಯ ಸರ್ ನೋಡಿದರು. ಅವರು ಜತ್ತಿನವರು, ಅಂದರೆ ಇಂಡಿಯಿಂದ ಗಡಿ ದಾಟಿದರೆ ಬರುವ ಊರು. ಮಾತು ಥೇಟ್ ನಮ್ಮದೇ.

"ಏನವಾ, ಸಮುದ್ರಕ್ಕ ತ್ರೀ ಫೇಸ್ ಬಿಟ್ಟಾರೇನು?"

"ಇಲ್ರಿ ಸರ್. ಬಂದರಕ್ಕ ಹೋದ ಕೂಡಲೇ ಅತ್ತಿ ಫೋನ್ ಮಾಡಿ ಹಾಕ್ಕೊಂಡಿದ್ದೇನು ಅಂತ ಕೇಳ್ತಾರ್ರಿ. ಅವರಿಗೆ ಸುಳ್ಳು ಹೇಳಾಕ ಬರಾಂಗಿಲ್ಲ."

ಸರ್ ಆ ದಪ್ಪ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ, "ಹಂಗಾದ್ರ ಹಾಕ್ಕೋ. ನಮ್ಮ ಹಡಗಿನ್ಯಾಗ ಸಿಡಿಲಿಗೆ ತಯಾರಾದವರು ಒಬ್ಬರರ ಇರ್ಲಿ" ಅಂದರು.

ಡಾಂಬರು ರಸ್ತೆಯ ಮೇಲೆ ಪ್ರವಾಹ

ನಾವು ಅಳೆಯುವುದು ಹೀಗೆ: ರೈಲಿನ ಹಳೆಯ ಗಾಲಿಗಳನ್ನು ಭಾರಕ್ಕೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸುತ್ತೇವೆ. ಅಲ್ಲಿಂದ ಮೇಲಿನವರೆಗೆ ಒಂದು ಉದ್ದನೆಯ ಹಗ್ಗ. ಹಗ್ಗದ ಉದ್ದಕ್ಕೂ ಅಳೆಯುವ ಯಂತ್ರಗಳು. ಕೆಲವು ಕಡೆ ತುದಿಯಲ್ಲಿ, ನೀರಿನ ಮೇಲೆ, ಮಿಣುಕು ದೀಪದ ಹಳದಿ ತೇಲುಗುಂಡು ಇರುತ್ತದೆ. ತಾನು ಎಲ್ಲಿದ್ದೇನೆ ಅಂತ ಅದು ಉಪಗ್ರಹದ ಮೂಲಕ ನಮಗೆ ಹೇಳುತ್ತಿರುತ್ತದೆ.

ಒಂದು ಮುಂಜಾನೆ ನಮ್ಮಲ್ಲಿ ಹೊಸದಾಗಿ ಸೇರಿದ್ದ ಸಂಶೋಧಕನೊಬ್ಬ ಆಫೀಸಿನಲ್ಲಿ ಕುಣಿಯುವುದೊಂದೇ ಬಾಕಿ. ಒಂದು ತೇಲುಗುಂಡು ಹಗ್ಗ ಹರಿದುಕೊಂಡು ಹೊರಟಿದೆ, ಅದೂ ಹಿಂದೆ ಯಾರೂ ನೋಡಿರದ ವೇಗದಲ್ಲಿ, ಗೆರೆ ಎಳೆದ ಹಾಗೆ ನೇರವಾಗಿ ತಮಿಳುನಾಡಿನ ದಂಡೆಯ ಕಡೆಗೆ! ಹೊಸ ಪ್ರವಾಹ ಸಿಕ್ಕಿತು ಅಂತ ಅವನು ನಕ್ಷೆ ಬರೆದ, ಪ್ರಬಂಧದ ಹೆಸರೂ ಯೋಚಿಸಿದ. ಮಧ್ಯಾಹ್ನದ ಹೊತ್ತಿಗೆ ವೇಗ ಮತ್ತೂ ಏರಿತು. ಸರ್ ಬಂದು ಕನ್ನಡಕ ಏರಿಸಿ ಪರದೆ ನೋಡಿದರು.

"ಇದು ಈಗ ಎಡಕ್ಕ ಹೊಳ್ಳಿ ನಿಂತೈತಿ. ಅಲ್ಲೇನೈತಿ?"

ಹುಡುಗ ನಕ್ಷೆ ದೊಡ್ಡದು ಮಾಡಿದ. ಬಸ್ ಸ್ಟ್ಯಾಂಡ್.

"ಚಹಾಕ್ಕ ನಿಂತಿರಬೇಕು ಪ್ರವಾಹ" ಅಂದರು ಸರ್.

ತೇಲುಗುಂಡು ತರಲು ಸರ್ ಮತ್ತು ನಾನು ಹೋದೆವು. ತಮಿಳು ಬಲ್ಲ ಡ್ರೈವರ್ ಜೊತೆಗಿದ್ದ. ಅದು ಮೀನುಗಾರರ ಓಣಿಯ ಒಂದು ಮನೆಯ ಅಂಗಳದಲ್ಲಿತ್ತು. ಮೈತುಂಬ ಅರಿಷಿಣ, ಕುಂಕುಮ, ಕೊರಳಿಗೆ ಹೂವಿನ ಹಾರ. ಮುಂದೆ ಊದಿನಕಡ್ಡಿ. ಮನೆಯ ಯಜಮಾನ ಹೊರಗೆ ಬಂದ. ತುಟಿ ಒಡೆದಿತ್ತು, ಮುಖದ ಚರ್ಮ ಬಿಸಿಲಿಗೆ ಸುಲಿದಿತ್ತು, ಎರಡೂ ಅಂಗೈಗೆ ಬಟ್ಟೆ ಸುತ್ತಿದ್ದ.

ಅವನ ದೋಣಿಯ ಇಂಜಿನ್ ಕೆಟ್ಟು, ಗಾಳಿಗೆ ಮಗುಚಿತ್ತಂತೆ. ಇದ್ದವರು ಮೂವರು. ಈಜುತ್ತ ಈಜುತ್ತ ಈ ಮಿಣುಕು ದೀಪ ಕಂಡು ಬಂದು ಹಿಡಿದಿದ್ದಾರೆ. ಒಬ್ಬನ ಕೈ ಮೊದಲು ಸೋತಿತು. ಇನ್ನೊಬ್ಬ ಈ ಯಜಮಾನನ ದೊಡ್ಡಪ್ಪನ ಮಗ. ಅವನು ನಿದ್ದೆಗೆ ಬಿದ್ದವನು ಹಾಗೇ ಜಾರಿಹೋದ. ಇವನನ್ನು ಊರಿನ ದೋಣಿಯವರು ಹುಡುಕಿಕೊಂಡು ಬಂದು ಎತ್ತಿಕೊಂಡರು. ಆದರೆ ಇವನು ತೇಲುಗುಂಡು ಬಿಡಲೊಲ್ಲ. ಕೊನೆಗೆ ಹಗ್ಗ ಕೊಯ್ದು ಅದನ್ನೂ ದೋಣಿಗೆ ಕಟ್ಟಿಕೊಂಡು ತಂದರು, ದಂಡೆಯಿಂದ ಟೆಂಪೋದಲ್ಲಿ ಮನೆಗೆ.

ಡ್ರೈವರ್ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನಮ್ಮಿಬ್ಬರ ಬಾಯಿಂದ 'ಸರ್ಕಾರಿ ಆಸ್ತಿ' ಅನ್ನುವ ಮಾತು ಹೊರಬೀಳಲೇ ಇಲ್ಲ. ಸರ್ ಅಂಗಳದಲ್ಲೇ ಕೂತರು. ಅದರ ಹೊಟ್ಟೆಯಲ್ಲಿರುವ ಯಂತ್ರ ನಮಗೆ ಬೇಕು, ಅದರಲ್ಲಿ ಇಡೀ ವರ್ಷದ ಕೆಲಸ ಇದೆ ಅಂತ ಹೇಳಿಸಿದರು. ಅವನು ವಿಚಾರ ಮಾಡಿ ತಲೆಯಾಡಿಸಿದ. "ಹೊಟ್ಟೆಯೊಳಗಿನದು ನಿಮ್ಮದು, ಒಯ್ಯಿರಿ. ದೇವರು ನನ್ನವನು, ಇರಲಿ" ಅಂದ. ನಾನು ಕೈ ಮುಗಿದು, ಅಪ್ಪಣೆ ಕೇಳಿ, ಸ್ಕ್ರೂ ಬಿಚ್ಚಿದೆ. ಯಂತ್ರ ರಿಪೇರಿ ಬಹಳ ಮಾಡಿದ್ದೇನೆ, ಊದಿನಕಡ್ಡಿ ಹಚ್ಚಿದ ಯಂತ್ರದ್ದು ಅದೊಂದೇ.

ಹೊರಡುವಾಗ ಸರ್ ಆ ಗುಂಡಿನ ಬೆನ್ನ ಮೇಲೆ ಬರೆದದ್ದನ್ನು ನೋಡಿದರು. ಕುಂಕುಮದ ಕೆಳಗೆ, ಕೆಂಪು ಅಕ್ಷರದಲ್ಲಿ, ಮೂರು ಭಾಷೆಯಲ್ಲಿ: 'ಮುಟ್ಟಬಾರದು. ಮುಟ್ಟಿದವರಿಗೆ ಶಿಕ್ಷೆ.' ಅದನ್ನು ಬರೆಸಿದವರು ಸರ್ ಅವರೇ. ಅವರು ಅದರ ಮೇಲೆ ಕೈಯಾಡಿಸಿ, "ಇದನ್ನ ನೋಡಿದ್ರೇನು?" ಅಂತ ಕೇಳಿಸಿದರು.

ಅವನು ಆ ಒಡೆದ ತುಟಿಯಲ್ಲೇ ನಕ್ಕ. ಡ್ರೈವರ್ ನಮಗೆ ತಿಳಿಸಿ ಹೇಳಿದ: "ಸಾಹೇಬ್ರ, ಸಾಲಿ ಕಲ್ತಿದ್ರ ಸತ್ತಿರ್ತಿದ್ದೆ ಅಂತಾನ."

ಹುಗ್ಗಿ

ನಮ್ಮ ಸರ್ ನಿವೃತ್ತಿಯಾಗುವ ಮುಂಚಿನ ಕೊನೆಯ ಪ್ರಯಾಣ. ಪ್ರವಾಹದ ನಟ್ಟನಡುವೆ, ಬಹಳ ಆಳದಲ್ಲಿ, ಒಂದು ಹಗ್ಗದ ತುಂಬ ಯಂತ್ರ ಬಿಟ್ಟು ಬಂದಿದ್ದೆವು. ಇದಕ್ಕೆ ನೀರಿನ ಮೇಲೆ ಗುಂಡಿರಲಿಲ್ಲ. ಎಲ್ಲ ಒಳಗೇ. ಹಡಗಿನಿಂದ ನೀರೊಳಗೆ ಒಂದು ಸದ್ದು ಕಳಿಸಿದರೆ ತಳದಲ್ಲಿರುವ ಕೊಂಡಿ ಬಿಚ್ಚಿಕೊಳ್ಳಬೇಕು, ಹಗ್ಗಕ್ಕೆ ಕಟ್ಟಿದ ತೇಲುಚೆಂಡುಗಳು ಎಲ್ಲವನ್ನೂ ಎತ್ತಿಕೊಂಡು ಮೇಲೆ ಬರಬೇಕು. ಅಷ್ಟು ಬಂದರೆ ಸರ್ ಅವರ ನೌಕರಿಯ ದೊಡ್ಡ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ಹಡಗಿನ ಅಡುಗೆಯವನು ಕಾರವಾರದ ಕಡೆಯವನು. ಯಂತ್ರ ಮೇಲೆ ಬಂದ ದಿನ ಸರ್‌ಗೆ ಅವರ ಊರಿನ ಊಟ ಹಾಕಬೇಕು ಅಂತ ನನ್ನಿಂದ ಗೋದಿ ಹುಗ್ಗಿ ಮಾಡುವುದು ಕಲಿತಿದ್ದ. ಹಿಂದಿನ ದಿನವೇ ಗೋದಿ ನೆನೆಸಿದ್ದ, ಗೋಡಂಬಿ ಮುಚ್ಚಿಟ್ಟಿದ್ದ.

ಸದ್ದು ಕಳಿಸಿದೆವು. ತಳದಿಂದ ಉತ್ತರ ಬಂತು: ಬಿಚ್ಚಿದೆ. ಎಲ್ಲರೂ ಹಡಗಿನ ಅಂಚಿನ ಕಟಾಂಜನದ ಹತ್ತಿರ ಓಡಿದೆವು. ನೀರು ಖಾಲಿ. ಮತ್ತೆ ಸದ್ದು. ಮತ್ತೆ ಅದೇ ಉತ್ತರ: ಬಿಚ್ಚಿದೆ.

"ಹೊಂಟೇನಿ ಹೊಂಟೇನಿ ಅಂತೈತಿ, ಹೊಸ್ತಿಲಾ ದಾಟವಲ್ದು" ಅಂದರು ಸರ್.

ಒಂದು ಸಲ ದೂರದಲ್ಲಿ ಏನೋ ಎದ್ದಿತು. ಖಲಾಸಿಯೊಬ್ಬ "ಬಂತು!" ಅಂತ ಕೂಗಿದ. ಆಮೆ. ಅದು ನಮ್ಮನ್ನೊಮ್ಮೆ ನೋಡಿ, ತಪ್ಪು ಮನೆಗೆ ಬಂದ ನೆಂಟನ ಹಾಗೆ ಕೆಳಗೆ ಹೋಯಿತು. ಮರುದಿನವೂ ಕಾದೆವು. ಹವಾಮಾನ ಕೆಡುತ್ತಿತ್ತು. ಕ್ಯಾಪ್ಟನ್ ಬಂದು ಸರ್ ಅವರ ಪಕ್ಕ ಬಹಳ ಹೊತ್ತು ನಿಂತು, ಹೋಗಿ ಹಡಗು ತಿರುಗಿಸಿದ. ತಳದಲ್ಲಿ ಹಗ್ಗ ಹರಿದಿತ್ತೋ, ಚೆಂಡುಗಳು ಒಡೆದಿದ್ದವೋ, ಇವತ್ತಿಗೂ ಗೊತ್ತಿಲ್ಲ.

ಸಂಜೆ ಊಟಕ್ಕೆ ಕೂತೆವು. ಅಡುಗೆಯವನ ಪಾಡು ಯಾರಿಗೂ ಬೇಡ. ಗೋದಿ ನೆನೆದು ಮೊಳಕೆ ಬರುವ ಹಾಗಿತ್ತು, ಚೆಲ್ಲಲು ಮನಸ್ಸು ಬಂದಿರಲಿಲ್ಲ, ಹುಗ್ಗಿ ಮಾಡಿಬಿಟ್ಟಿದ್ದ. ತಲೆ ತಗ್ಗಿಸಿಕೊಂಡು ಬಡಿಸಿದ. ಯಾರೂ ತಾಟು ಮುಟ್ಟಲಿಲ್ಲ. ಸರ್ ಮುಟ್ಟಿದರು. ಒಂದು ತುತ್ತು ತಿಂದರು, ಎರಡು ತಿಂದರು.

"ಭಾಳ ಚಲೋ ಆಗೈತಿ" ಅಂದರು. "ತಿಥಿ ಊಟ ಯಾವತ್ತೂ ರುಚಿನ ಇರ್ತೈತಿ."

ಆಮೇಲೆ ಒಂದು ಚಮಚ ಹುಗ್ಗಿ ತೆಗೆದುಕೊಂಡು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಅದನ್ನು ಕಟಾಂಜನದ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನಮ್ಮ ಕಡೆ ಸತ್ತವರಿಗೆ ಎಡೆ ಇಟ್ಟು ಕಾಗೆಗೆ ಕಾಯುವುದಿಲ್ಲವೇ, ಹಾಗೆ. ಕಾಗೆ ತಡ ಮಾಡಿದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ನಡುಸಮುದ್ರದಲ್ಲಿ ಕಾಗೆ ಎಲ್ಲಿಂದ ಬರಬೇಕು? ಆದರೆ ಹಡಗಿನ ಹಿಂದೆ ಹಾರುತ್ತಿದ್ದ ಕಡಲಹಕ್ಕಿಯೊಂದು ಸರ್ರನೆ ಬಂದು ಒಂದೇ ಏಟಿಗೆ ಹುಗ್ಗಿ ಹಾರಿಸಿಕೊಂಡು ಹೋಯಿತು.

ಸರ್ ಅದು ಹೋದ ದಿಕ್ಕನ್ನೇ ನೋಡಿದರು. ಭುಜ ಅಲುಗುತ್ತಿದ್ದವು. ಅಳುತ್ತಿದ್ದಾರೆ ಅಂತ ತಿಳಿದು ಹತ್ತಿರ ಹೋದರೆ, ನಗುತ್ತಿದ್ದರು.

"ನೋಡ್ದಿ? ಸತ್ತದ್ದಕ್ಕ ಏನೂ ಆಸೆ ಉಳದಿಲ್ಲ. ಉಳದಿದ್ದೆಲ್ಲಾ ನಮ್ದ ಐತಿ!"

ಅಪ್ಪ ಎಲ್ಲಿದ್ದಾನೆ

ಅಪ್ಪ ಇಂಡಿಯಲ್ಲಿ ಚಿತ್ರಕಲಾ ಮಾಸ್ತರನಾಗಿದ್ದ. ಶಾಲೆಯ ಗೋಡೆಗಳ ಮೇಲೆ ಎಷ್ಟೋ ಸಮುದ್ರ ಬರೆದ, ಒಂದನ್ನೂ ಕಣ್ಣಿಂದ ನೋಡಲಿಲ್ಲ. ಹಡಗು ತೋರಿಸುತ್ತೇನೆ ಬಾ ಅಂತ ಪ್ರತಿ ವರ್ಷ ಕರೆಯುತ್ತಿದ್ದೆ. ಪ್ರತಿ ವರ್ಷ ಏನಾದರೂ ಒಂದು ಅಡ್ಡ ಬರುತ್ತಿತ್ತು. ಒಂದು ದೀಪಾವಳಿ ಮುಗಿದ ವಾರ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಅಸ್ಥಿಯನ್ನು ತಂಗಡಗಿಯಲ್ಲಿ ಕೃಷ್ಣೆಗೆ ಬಿಡುವುದು ಅಂತಾಯಿತು. ಮುದ್ದೇಬಿಹಾಳ ದಾಟಿ ಹೊಳೆಯ ದಂಡೆಗೆ ಹೋದೆವು. ವಿಧಿ ಮಾಡಿಸಲು ಸಿಂದಗಿಯಿಂದ ಆಚಾರ್ಯರು ಬಂದಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಅವ್ವ ಮಡಕೆಯಿಂದ ಒಂದು ಹಿಡಿಯಷ್ಟು ಬೂದಿ ತೆಗೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು.

"ಇಷ್ಟನ್ನ ನೀ ನಿನ್ನ ಸಮುದ್ರದ ಹೊಳಿಗೆ ಬಿಡು. ಜೀವಂತ ಇದ್ದಾಗ ಬರಲಿಲ್ಲ, ಈಗರ ನೋಡ್ಲಿ."

ಆಚಾರ್ಯರಿಗೆ ಆ ಹೊಳೆಯ ಬಗ್ಗೆ ಕುತೂಹಲ. "ಅದು ಯಾವ ದಿಕ್ಕಿಗೆ ಹರೀತದವಾ?"

ನಾನು ಇದ್ದದ್ದನ್ನು ಹೇಳಿದೆ: "ಥಂಡಿಗಾಲದಾಗ ಪಶ್ಚಿಮಕ್ಕ ಹರೀತೈತ್ರಿ. ಮಳಿಗಾಲ ಬಂತಂದ್ರ ಗಾಳಿ ಬದಲಾಗಿ, ಅದೂ ಹೊಳ್ಳಿ ಪೂರ್ವಕ್ಕ ಹರೀತೈತಿ."

ಆಚಾರ್ಯರು ಪಂಚಪಾತ್ರೆ ಕೆಳಗಿಟ್ಟರು. "ಹೊಳ್ಳಿ ಬರ್ತದಾ? ಹೋದವರು ಮುಂದ ಹೋಗಬೇಕವಾ. ಹೊಳ್ಳಿ ಬರೂ ನೀರಿಗೆ ಬಿಟ್ರ ಮುಕ್ತಿ ಹ್ಯಾಂಗ?"

ಯಂಕಂಚಿ ಅತ್ತೆ ನನ್ನ ರಟ್ಟೆ ಹಿಡಿದಳು. "ತಮ್ಮ ಹೊಳ್ಳಿ ಬರ್ತಾನಂತೇನ? ದೆವ್ವ ಆಗಿ?"

"ಇಲ್ಲತ್ತಿ, ಜೂನ್‌ದಾಗ" ಅಂದುಬಿಟ್ಟೆ. ದುಃಖದಲ್ಲಿ ಬಾಯಿ ಏನೋ ಅನ್ನುತ್ತದೆ.

ಅತ್ತೆ ಮತ್ತೆ ಅಳಲು ಸಜ್ಜಾದಳು. ಆಗ ಅವ್ವ ಅಂದಳು: "ಬರ್ಲಿ ಬಿಡ್ರಿ ಆಚಾರ್ರ. ದಿನಾ ಸಾಲಿಗೆ ಹೋಗಿ ಹೊಳ್ಳಿ ಬರೂ ಮನಷ್ಯಾ. ಅವರಿಗೆ ಅದ ರೂಢಿ ಐತಿ."

ಆಚಾರ್ಯರು ಪಂಚಪಾತ್ರೆ ಮತ್ತೆ ಕೈಗೆತ್ತಿಕೊಂಡರು.

ಜನವರಿಯಲ್ಲಿ ಡಬ್ಬಿ ತೆಗೆದುಕೊಂಡು ಬಂದರಕ್ಕೆ ಹೋದೆ. ಗೇಟಿನ ಕಾವಲುಗಾರ ಬ್ಯಾಗು ತೆಗೆಸಿ, ಇದರಲ್ಲೇನಿದೆ ಅಂತ ಹಿಂದಿಯಲ್ಲಿ ಕೇಳಿದ. ನಮ್ಮಪ್ಪ ಅಂದೆ. ಅವನು ನನ್ನನ್ನು ನೋಡಿದ, ಡಬ್ಬಿ ನೋಡಿದ, ಸೆಟೆದು ನಿಂತು ಸಲಾಮು ಹೊಡೆದ. ಸ್ಟೀಲ್ ಡಬ್ಬಿಯಲ್ಲಿದ್ದಾಗ ಅಪ್ಪನಿಗೆ ಸಿಕ್ಕ ಮರ್ಯಾದೆ ಜೀವಮಾನದಲ್ಲಿ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಪ್ರವಾಹದ ನಡುವೆ ಹಡಗು ನಿಂತಾಗ, ನೀರಿನ ಜೊತೆ ತೇಲಿ ಹೋಗುತ್ತ ದಾರಿ ಹೇಳುವ, ಕಲ್ಲಂಗಡಿಯಷ್ಟು ದಪ್ಪದ ಬಿಳಿಯ ಚೆಂಡೊಂದನ್ನು ಬಿಡುವುದಿತ್ತು. ಅದರ ಜೊತೆಯಲ್ಲೇ ಅಪ್ಪನನ್ನೂ ಬಿಟ್ಟೆ. ಬೂದಿ ಕ್ಷಣದಲ್ಲಿ ಕರಗಿ ಕಾಣದಾಯಿತು. ಚೆಂಡು ಮಾತ್ರ ಮೆಲ್ಲಗೆ ಪಶ್ಚಿಮಕ್ಕೆ ಹೊರಟಿತು. ಅದು ಕಣ್ಣಿಗೆ ಮರೆಯಾಗುವವರೆಗೆ ನಿಂತಿದ್ದೆ.

ಅವ್ವ ಅಣ್ಣನ ಮನೆಯಲ್ಲಿ, ತುಂಬಿದ ಸಂಸಾರದಲ್ಲಿ ಇದ್ದಳು. ಆದರೆ ಅಪ್ಪ ಹೋದಾಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ. ನಾನು ಪಂಢರಪುರಕ್ಕೆ ನಡೆದು ಹೋಗಿ ವಾರಿ ಮಾಡುವ ಮನೆತನದವಳು. ಅವ್ವನಿಗೆ ಏಕಾದಶಿ ಅಂದರೆ ಲೆಕ್ಕದ ದಿನ. ಪ್ರತಿ ಏಕಾದಶಿಗೂ ಫೋನ್ ಮಾಡುತ್ತಿದ್ದಳು. ಕ್ಷೇಮಸಮಾಚಾರ ಏನಿಲ್ಲ, ಒಂದೇ ಪ್ರಶ್ನೆ: "ಈಗ ಎಲ್ಲಿ ಅದಾರ?"

ನಾನು ಚೆಂಡು ಎಲ್ಲಿದೆ ನೋಡಿ ಹೇಳುತ್ತಿದ್ದೆ. ಬೂದಿ ಬೇರೆ, ಚೆಂಡು ಬೇರೆ ಅಂತ ಅವ್ವನಿಗೂ ಗೊತ್ತು, ನನಗೂ ಗೊತ್ತು. ನಾವಿಬ್ಬರೂ ಆ ಮಾತು ತೆಗೆಯಲಿಲ್ಲ.

ಒಂದು ಏಕಾದಶಿಗೆ ಹೇಳಿದೆ: "ಮಾಲ್ದೀವ್ಸ್ ಮುಟ್ಯಾರವ್ವ."

"ಅದು ಯಾವ ಜಿಲ್ಲಾ?"

"ಜಿಲ್ಲಾ ಅಲ್ಲ. ಬ್ಯಾರೆ ದೇಶ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ: "ಪಾಸ್‌ಪೋರ್ಟ್ ಇಲ್ಲದ?"

ಮರುದಿನದ ಹೊತ್ತಿಗೆ ನಮ್ಮ ಓಣಿಯಲ್ಲೆಲ್ಲ, ಮಾಸ್ತರು ಸತ್ತ ಮೇಲೆ ಫಾರಿನ್ನಿಗೆ ಹೋಗಿದ್ದಾರೆ ಅಂತ ಸುದ್ದಿಯಾಗಿತ್ತು. ಎದುರು ಮನೆಯವರು ಅವ್ವನಿಗೆ ಅಭಿನಂದನೆ ಹೇಳಿ ಹೋದರಂತೆ.

ಏಪ್ರಿಲಿನಲ್ಲಿ ಚೆಂಡು ಒಂದು ಸುಳಿಗೆ ಸಿಕ್ಕಿತು. ಸುತ್ತಿದಲ್ಲೇ ಸುತ್ತುತ್ತಿತ್ತು. ಅವ್ವನಿಗೆ ಹೇಗೆ ಹೇಳುವುದು ಅಂತ ನನಗೆ ಸಂಕಟ. ಹೇಳಿದೆ.

"ಹೂಂ. ಕನ್ನಡಕ ಹುಡುಕಾಕತ್ತಿರಬೇಕು" ಅಂದಳು ಅವ್ವ. "ಹಣಿ ಮ್ಯಾಲ ನೋಡ್ಕೊ ಅಂತ ಹೇಳು."

ಮೇ ಮುಗಿಯಿತು. ಗಾಳಿ ಬದಲಾಯಿತು. ಇಂಡಿಯಲ್ಲಿ ಮೊದಲ ಮಳೆ ಬಿತ್ತು ಅಂತ ಅಣ್ಣ ಹೇಳಿದ ವಾರವೇ ನನ್ನ ಪರದೆಯ ಮೇಲೆ ಆ ಚುಕ್ಕೆ ನಿಂತಿತು, ಅಲುಗಾಡಿತು, ಮೆಲ್ಲಗೆ ಪೂರ್ವದ ಕಡೆ ಮುಖ ಮಾಡಿತು. ಇಷ್ಟು ವರ್ಷ ಆ ಪ್ರವಾಹ ತಿರುಗುವುದನ್ನು ನೋಡಿದ್ದೇನೆ, ಆ ಸಲ ಮಾತ್ರ ಕುರ್ಚಿ ಹಿಡಿದುಕೊಂಡು ನಿಂತೆ. ಏಕಾದಶಿಗೆ ಕಾಯಲಿಲ್ಲ. ನಾನೇ ಫೋನ್ ಮಾಡಿದೆ.

"ಅವ್ವ... ಅಪ್ಪ ಹೊಳ್ಳ್ಯಾನ. ಈ ಕಡೆ ಬರಾಕತ್ತಾನ."

ಅವ್ವನ ಉಸಿರಿನ ಸದ್ದಷ್ಟೇ ಕೇಳುತ್ತಿತ್ತು. ಅಳುತ್ತಾಳೆ, ಈಗ ಅಳುತ್ತಾಳೆ, ನಾನೇಕೆ ಹೇಳಿದೆ ಅಂದುಕೊಂಡೆ. ಒಳಗೆ ಯಾವುದೋ ಪಾತ್ರೆ ಸರಿಸಿಟ್ಟ ಸದ್ದಾಯಿತು. ಆಮೇಲೆ ಅವ್ವ, ಅಪ್ಪ ಪೇಟೆಗೆ ಹೋದಾಗಲೆಲ್ಲ ಹಿಂದಿನಿಂದ ಕೂಗಿ ಹೇಳುತ್ತಿದ್ದ ಅದೇ ದನಿಯಲ್ಲಿ ಅಂದಳು:

"ಬರೂ ಮುಂದ ಎರಡು ಪಾಕೀಟು ಹಾಲು ತರಾಕ ಹೇಳು. ಬರಿಗೈಲೆ ಬಂದ್ರ ಒಳಗ ಬಿಟ್ಕೊಳ್ಳಾಂಗಿಲ್ಲ!"